ನಾಲ್ಕು ಹರಕೆಯ ಲಾರಿ

ವಾಮದಪದವಿನಲ್ಲಿ ಲಾರಿ ಇರುವವರು ಆರು ಮಂದಿ. ಲಾರಿಯ ಮನಸ್ಸು ತಿಳಿದವನು ಮುಂಡಪ್ಪ ಒಬ್ಬನೇ. ಈ ಎಣಿಕೆ ಮಾಡಿದವನೂ ಮುಂಡಪ್ಪನೇ ಆದ್ದರಿಂದ ತಪ್ಪಿರಲಾರದು.

ಅವನದ್ದು ಮದುವೆ ಮನೆಗಳಿಗೆ ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಕಸುಬು. ಕೊಪ್ಪರಿಗೆ, ಹಂಡೆ, ಸಟ್ಟುಗದಿಂದ ಹಿಡಿದು ಕೈ ತೊಳೆಯುವ ನೀರಿನ ಡ್ರಮ್ಮಿನವರೆಗೆ ಎಲ್ಲವನ್ನೂ ಹೊತ್ತು ತಿರುಗುವುದು ಇಪ್ಪತ್ತೆರಡು ವರ್ಷ ಪ್ರಾಯದ ಒಂದು ಡೀಸೆಲ್ ಮಿನಿ ಲಾರಿ. ಅದನ್ನು ಇದುವರೆಗೆ ಯಾವ ಮೆಕ್ಯಾನಿಕನೂ ಮುಟ್ಟಿಲ್ಲ ಎಂಬುದು ಅವನ ಹೆಮ್ಮೆ. ಮುಟ್ಟಿದ್ದಾರೆ. ಮುಂಡಪ್ಪ ಊಟಕ್ಕೆ ಹೋದಾಗ ಮುಟ್ಟಿದ್ದಾರೆ. ಹೆಂಡತಿ ಕಾಂತಿ ಫೋನ್ ಮಾಡುತ್ತಾಳೆ, ಅವರು ಬಂದು ಸರಿ ಮಾಡಿ ಹೋಗುತ್ತಾರೆ. ಮುಂಡಪ್ಪ ಕೈ ಒರಸಿಕೊಳ್ಳುತ್ತ ಬಂದು ಕೀಲಿ ತಿರುಗಿಸಿ, “ಕಂಡಿಯಾ? ಸ್ವಲ್ಪ ಹೊತ್ತು ಅದರಷ್ಟಕ್ಕೆ ಬಿಡ್ಬೇಕು. ಅದಕ್ಕೂ ಬೇಸರ ಆಗ್ತದೆ” ಎನ್ನುತ್ತಾನೆ. ಕಾಂತಿ “ಹೌದು” ಎನ್ನುತ್ತಾಳೆ. ಸಂಸಾರ ನಡೆಯಲು ಇಷ್ಟು ಸಾಕು.

ಆ ಸಂಸಾರಕ್ಕೆ ಕಂಟಕ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ನೆರೆಮನೆಯ ಶೇಷಪ್ಪನ ಮಗಳು ವಿಸ್ಮಿತಾಳ ಮದುವೆ ಆದಿತ್ಯವಾರ ಬೆಳ್ತಂಗಡಿಯ ಹಾಲ್‌ನಲ್ಲಿ ಎಂದು ನಿಗದಿಯಾಗಿತ್ತು. ಪಾತ್ರೆಗಳು ಶನಿವಾರ ಮಧ್ಯಾಹ್ನ ಮೂರಕ್ಕೆ ಹಾಲ್ ತಲುಪಬೇಕು. ಮೂಡುಬಿದಿರೆಯ ಅಡುಗೆಯವರು ಸಂಜೆಯೇ ಒಲೆ ಹೊತ್ತಿಸುವವರು. ಮಾತುಕತೆಯ ದಿನ ಶೇಷಪ್ಪನ ಭಾವ ಸುಮ್ಮನಿರಲಾರದೆ, “ಪುಂಜಾಲಕಟ್ಟೆಯ ಶೀನಪ್ಪನಿಗೆ ಹೇಳ್ಬಹುದಿತ್ತು. ಅವನದ್ದು ಹೊಸ ಗಾಡಿ” ಎಂದುಬಿಟ್ಟ.

ಮುಂಡಪ್ಪ ಚಹಾದ ಗ್ಲಾಸು ಕೆಳಗಿಟ್ಟ. ಹೀಗೆ ಗ್ಲಾಸು ಕೆಳಗಿಟ್ಟಾಗಲೆಲ್ಲ ಅವನಿಗೆ ನಷ್ಟವಾದದ್ದೇ ಹೆಚ್ಚು.

“ಶೀನಪ್ಪ ವೈಪರ್ ಕೆಟ್ಟರೆ ಗ್ಯಾರೇಜಿಗೆ ಹೋಗುವ ಜನ. ಶನಿವಾರ ಸೂರ್ಯ ಬಾರದೆ ಇದ್ದಾನು, ನನ್ನ ಗಾಡಿ ಬಾರದೆ ಇರುದಿಲ್ಲ. ಬಾರದಿದ್ದರೆ ನನ್ನ ಪಾತ್ರೆ ಅಷ್ಟನ್ನೂ ಶೀನಪ್ಪನಿಗೆ ಕೊಟ್ಟು ಬಿಡ್ತೇನೆ. ದಾನ.”

ಅಂಗಳದಲ್ಲಿ ಹನ್ನೊಂದು ಮಂದಿ ಇದ್ದರು. ಅವರಲ್ಲೊಬ್ಬರು ಆ ಮಾತನ್ನು ಕತ್ತಲಾಗುವುದರೊಳಗೆ ಪುಂಜಾಲಕಟ್ಟೆಗೆ ಮುಟ್ಟಿಸಿದರು. ಶೀನಪ್ಪ, “ಒಳ್ಳೇದು, ನಮ್ಮಲ್ಲಿ ಹಂಡೆ ಕಡಿಮೆ ಉಂಟು” ಎಂದನಂತೆ.

ಕಾಂತಿ ಗಂಡನಿಗೆ ಹೆಚ್ಚೇನೂ ಹೇಳಲಿಲ್ಲ. “ಆ ಕೊಪ್ಪರಿಗೆಗಳನ್ನು ಇಪ್ಪತ್ತು ವರ್ಷ ಹುಣಸೆಹುಳಿ ಹಾಕಿ ತಿಕ್ಕಿದ್ದು ನಾನು. ದಾನ ಕೊಡುವಾಗ ನನ್ನನ್ನೂ ಒಳಗೆ ಕೂರಿಸಿ ಕೊಡಿ” ಎಂದಳು.

ಶನಿವಾರ ಬೆಳಿಗ್ಗೆ ಸೂರ್ಯ ಬರಲಿಲ್ಲ. ಮೋಡವಿತ್ತು. ಮುಂಡಪ್ಪ ಅದನ್ನು ಶುಭಶಕುನವೆಂದು ಭಾವಿಸಿ, ಮದುವೆಗೆ ಹೋಗುವ ಲಾರಿ ಮದುಮಗಳಷ್ಟೇ ಚೆಂದ ಇರಬೇಕೆಂದು ಏಳು ಗಂಟೆಗೆ ಅದನ್ನು ತೋಡಿಗೆ ಇಳಿಸಿದ. ಗದ್ದೆಯ ಬದಿಯ ಆ ತೋಡಿನಲ್ಲಿ ಪಾದ ಮುಳುಗುವಷ್ಟು ನೀರು. ಪೇಟೆಯಲ್ಲಿ ವಾಟರ್ ಸರ್ವಿಸ್ ಉಂಟು. ಆದರೆ “ಅವರು ತೊಳೆಯುದು ಮೇಲಿನದ್ದು ಮಾತ್ರ, ತೋಡು ಅಡಿಯನ್ನೂ ತೊಳೀತದೆ” ಎಂಬುದು ಮುಂಡಪ್ಪನ ಸಿದ್ಧಾಂತ. ನೀರಿನ ನಡುವೆ ನಿಲ್ಲಿಸಿ, ಸ್ಟೇರಿಂಗಿನ ಪಕ್ಕದ ಕರಿ ಗುಂಡಿಯನ್ನು ಎಳೆದ. ಹಳೆಯ ಡೀಸೆಲ್ ಗಾಡಿಗಳಲ್ಲಿ ಕೀಲಿ ತಿರುಗಿಸಿದರೆ ಎಂಜಿನ್ ಆಫ್ ಆಗುವುದಿಲ್ಲ; ಈ ಗುಂಡಿ ಎಳೆಯಬೇಕು. ಇದಕ್ಕೆ ಸ್ಟಾಪರ್ ಎಂದು ಹೆಸರು. ಎಳೆದಾಗ ಎಂಜಿನ್ ಒಮ್ಮೆ ನಡುಗಿ ಸುಮ್ಮನಾಯಿತು, ಕೈ ಬಿಟ್ಟಾಗ ಗುಂಡಿ ಟಪ್ ಎಂದು ತನ್ನ ಸ್ಥಾನಕ್ಕೆ ಹೋಯಿತು. ಮುಂಡಪ್ಪ ನಾಲ್ಕು ಬಾಲ್ದಿ ನೀರು ಎರಚಿ, “ಉಳಿದದ್ದು ತೋಡು ಮಾಡ್ತದೆ” ಎಂದು ತಿಂಡಿಗೆ ಮನೆಗೆ ಹೋದ.

ತೋಡು ಮಾಡಿತು. ಘಟ್ಟದ ಕಡೆ ರಾತ್ರಿಯಿಡೀ ಸುರಿದ ಮಳೆಯ ನೀರು ಎಂಟೂವರೆಗೆ ವಾಮದಪದವು ತಲುಪಿತು. ಮುಂಡಪ್ಪ ಆರನೆಯ ಅಕ್ಕಿ ಪುಂಡಿಗೆ ಕೈ ಹಾಕುವಾಗ ನೆರೆಯ ಮಿಸ್ರಿಯಾ ಬೇಲಿಯಾಚೆಯಿಂದ ಕರೆದು ಹೇಳಿದರು:

“ಮುಂಡಪ್ಪಣ್ಣ, ನಿಮ್ಮ ಲಾರಿ ಈಜ್ತಾ ಉಂಟಾ, ಅಲ್ಲ ಸ್ನಾನವಾ?”

ಓಡಿ ಹೋಗಿ ನೋಡಿದರೆ ಬಂಪರ್ ಮುಳುಗಿತ್ತು. ಮುಂದಿನ ಎರಡು ಲೈಟುಗಳು ನೀರಿನ ಮೇಲೆ, ಎಮ್ಮೆಯ ಕಣ್ಣಿನ ಹಾಗೆ, ಯಾವ ಅವಸರವೂ ಇಲ್ಲದೆ ಮುಂಡಪ್ಪನನ್ನು ನೋಡುತ್ತಿದ್ದವು.

ಆಚೆ ಗುಡ್ಡದಲ್ಲಿ ಮಣ್ಣು ತೆಗೆಯುತ್ತಿದ್ದ ಜೆಸಿಬಿಯನ್ನು ಕರೆಸಿ ಲಾರಿಯನ್ನು ದಡಕ್ಕೆ ಎಳೆಸುವಾಗ ಒಂಬತ್ತೂವರೆ. ಅಷ್ಟರಲ್ಲಿ ದಡದಲ್ಲಿ ಒಂದು ಸಣ್ಣ ಸಭೆ ಸೇರಿತ್ತು: ಕಾಂತಿ, ಅವಳ ತಾಯಿ ಸೇಸಮ್ಮ, ಮಿಸ್ರಿಯಾ, ಮದುವೆಗೆ ಬಂದಿದ್ದ ಒಂದಷ್ಟು ನೆಂಟರು, ಮತ್ತು ಮದುಮಗಳ ತಂದೆ ಶೇಷಪ್ಪ. ಇವರು ಆಡಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಬೈಗುಳಗಳಲ್ಲಿ ಸುಮಾರು ಅರ್ಧ ಸೋರಿಹೋಗಿದೆ.

“ಮುಂಡಪ್ಪ,” ಎಂದ ಶೇಷಪ್ಪ, ಬಹಳ ಮೆಲ್ಲಗೆ, “ನನಗೆ ಒಬ್ಬಳೇ ಮಗಳು.”

“ನನಗೂ ಒಂದೇ ಲಾರಿ. ಹೆದರ್ಬೇಡಿ. ಹೊರಗೆ ಒದ್ದೆಯಾದದ್ದು ಮಾತ್ರ, ಒಳಗೆ ಬೆಚ್ಚಗೆ ಉಂಟು.”

“ಎರಡು ಗಂಟೆಯವರೆಗೆ ಕಾಯ್ತೇನೆ. ಮತ್ತೆ ಶೀನಪ್ಪನಿಗೆ ಫೋನ್.”

ಮುಂಡಪ್ಪ ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಚಕ್ರಗಳಿಗೆ ಒದ್ದು ನೋಡುತ್ತಿದ್ದ ಆ ಎರಡು ನಿಮಿಷದಲ್ಲೇ ಕಥೆಗೆ ಬೇಕಾದದ್ದು ನಡೆದುಹೋಯಿತು. ಸೇಸಮ್ಮ ಲಾರಿ ಹತ್ತಿದರು.

ಸೇಸಮ್ಮನಿಗೆ ಎಪ್ಪತ್ತೊಂದು ವರ್ಷ. ಹರಕೆಯ ವಿಷಯದಲ್ಲಿ ಅವರದ್ದೇ ಒಂದು ಕ್ರಮವಿದೆ. ಬಾಯಲ್ಲಿ ಹೇಳಿದರೆ ಸಾಲದು. ಒಂದು ನಾಣ್ಯವನ್ನು ಅರಶಿನದ ಬಟ್ಟೆಯಲ್ಲಿ ಗಂಟು ಹಾಕಿ, ಯಾವುದರಿಂದ ಕೆಲಸ ಆಗಬೇಕೋ ಅದಕ್ಕೇ ಕಟ್ಟಬೇಕು. ಕೆಲಸ ಆದ ಮೇಲೆ, ಯಾರಿಗೆ ಹೇಳಿದ್ದೋ ಅವರೆದುರು ಬಿಚ್ಚಬೇಕು. ದನ ಹಾಲು ಬಿಡದಿದ್ದಾಗ ಕೊಂಬಿಗೆ, ಪಂಪು ನೀರೆತ್ತದಿದ್ದಾಗ ಪೈಪಿಗೆ, ಮೊಮ್ಮಗಳು ಪ್ರಾಪ್ತಿಯ ಗಣಿತ ಪರೀಕ್ಷೆಗೆ ಕಂಪಾಸು ಪೆಟ್ಟಿಗೆಗೆ. ಮೂರೂ ಫಲಿಸಿದ್ದವು, ಗಣಿತ ಸ್ವಲ್ಪದರಲ್ಲಿ.

ಲಾರಿಯಲ್ಲಿ ಎಲ್ಲಿ ಕಟ್ಟುವುದು? ಸ್ಟೇರಿಂಗು ತಿರುಗುವಂಥದ್ದು. ಕನ್ನಡಿಯೂ ತಿರುಗುವಂಥದ್ದು. ಹರಕೆ ಎಂದರೆ ನಿಂತಲ್ಲಿ ನಿಲ್ಲಬೇಕು. ಆಗ ಅವರಿಗೆ ಆ ಕರಿ ಗುಂಡಿ ಕಂಡಿತು. ಮೆಲ್ಲಗೆ ಎಳೆದಾಗ ಅದು ವಿಧೇಯವಾಗಿ ಮುಂದೆ ಬಂತು, ಹಿಂದೆ ಸಪೂರದ ಕುತ್ತಿಗೆ ಕಾಣಿಸಿತು. ಕಟ್ಟಲಿಕ್ಕೆಂದೇ ಮಾಡಿದ ಹಾಗೆ. “ಕೊರಗಜ್ಜ, ಈ ಗಾಡಿ ಬೆಳ್ತಂಗಡಿ ಮುಟ್ಟಲಿ. ಚಕ್ಕುಲಿ, ವೀಳ್ಯ ತಂದು ಒಪ್ಪಿಸ್ತೇವೆ” ಎಂದು ಊರ ದೈವಕ್ಕೆ ಹೇಳಿಕೊಂಡು ಬಟ್ಟೆಯನ್ನು ಆ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಬಿಗಿದರು. ಗುಂಡಿ ಹಿಂದೆ ಹೋಗಲು ನೋಡಿತು. ಬಟ್ಟೆ ಅಡ್ಡ ಬಂದಿತ್ತು.

ಮುಂಡಪ್ಪ ಹತ್ತಿ ಕುಳಿತ. ಹಳದಿ ಗಂಟು ಕಂಡಿತು. ದೇವರ ವಸ್ತು ಕಂಡರೆ ಕಣ್ಣು ಮುಚ್ಚಿ ಕೈ ಮುಗಿಯುವುದು ಅವನ ವಾಡಿಕೆ; ಕಣ್ಣು ಮುಚ್ಚಿದವನಿಗೆ ಅದು ಎಲ್ಲಿ ಕಟ್ಟಿದೆ ಎಂದು ಕಾಣುವುದಾದರೂ ಹೇಗೆ? ಕೀಲಿ ತಿರುಗಿಸಿದ. ಸ್ಟಾರ್ಟರು ಗಟ್ಟಿಮುಟ್ಟಾಗಿ ತಿರುಗಿತು. ಎಂಜಿನ್ ಎರಡು ಸಲ ಕೆಮ್ಮಿ, ಒಂದು ಉಂಡೆ ಹೊಗೆ ಬಿಟ್ಟು, ನಿಂತಿತು.

“ನೀರು ಕುಡಿದಿದೆ” ಎಂದ ಶೇಷಪ್ಪನ ಭಾವ.

“ಶೀತ ಆಗಿದೆ” ಎಂದ ಇನ್ನೊಬ್ಬ ನೆಂಟ.

“ಯಾರೂ ಮಾತಾಡ್ಬೇಡಿ,” ಎಂದ ಮುಂಡಪ್ಪ, “ಎಂಜಿನ್ ಏನೋ ಹೇಳ್ತಾ ಉಂಟು.” ಎಂಜಿನ್ ಹೇಳಿದ್ದನ್ನು ಅವನು ಜನರಿಗೆ ಹೀಗೆ ತಿಳಿಸಿದ: “ಗಾಳಿ ಎಳೆಯುವ ಫಿಲ್ಟರ್ ಒದ್ದೆಯಾಗಿದೆ. ಉಸಿರು ಕಟ್ತಾ ಉಂಟು.”

ಫಿಲ್ಟರ್ ಹೊರಬಂತು. ಮದುವೆಯ ಮುನ್ನಾದಿನ ತಲೆಗೂದಲು ಒಣಗಿಸಲು ಪ್ರಾಪ್ತಿ ತಂದಿಟ್ಟಿದ್ದ ಹೇರ್ ಡ್ರೈಯರೂ ಬಂತು. ಮಿಸ್ರಿಯಾ ಮನೆಯಿಂದ ಮೂರು ವಯರು ಜೋಡಿಸಿ ಕರೆಂಟು ಎಳೆದರು. ಮುಂಡಪ್ಪ ಫಿಲ್ಟರನ್ನು ಮಡಿಲಲ್ಲಿಟ್ಟುಕೊಂಡು ಎಳೆಮಗುವಿನ ತಲೆ ಒಣಗಿಸಿದಂತೆ ಅರ್ಧ ಗಂಟೆ ಒಣಗಿಸಿದ. ಅದು ಮೊದಲೇ ಒಣಗಿತ್ತು ಎಂಬುದನ್ನು ಮುಟ್ಟಿ ನೋಡಿದ ಕಾಂತಿ ಹೇಳಲಿಲ್ಲ. ಗಂಡಂದಿರು ಕೆಲಸದಲ್ಲಿರುವಾಗ ಮಾತಾಡಿಸಬಾರದು.

ಈ ನಡುವೆ ಶೇಷಪ್ಪ ಕೂತಲ್ಲಿ ಕೂರಲಾರದೆ ಸೇಸಮ್ಮನ ಬಳಿ ಹೋಗಿ, “ಒಂದು ಹರಕೆ ಸಾಕಾ ಅಕ್ಕ?” ಎಂದು ಕೇಳಿದ.

“ನಿನ್ನ ಮಗಳ ಮದುವೆ. ನೀನು ಹೇಳದೆ ನಾನು ಹೇಳಿದರೆ ಹೇಗೆ ಸಾಕು?”

ಶೇಷಪ್ಪ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡು, ಹೊಸ ಕರ್ಚೀಫನ್ನೇ ಅರಶಿನದಲ್ಲಿ ಅದ್ದಿ ಕಟ್ಟಿದ. ಕರ್ಚೀಫು ದಪ್ಪ. ಜಾಗ ಮಾಡಲು ಗುಂಡಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆಯಬೇಕಾಯಿತು.

ಮುಂಡಪ್ಪ ಕೀಲಿ ತಿರುಗಿಸಿದ. ಈ ಸಲ ಎಂಜಿನ್ ಒಮ್ಮೆ ಮಾತ್ರ ಕೆಮ್ಮಿತು.

“ಮೊದಲು ಎರಡು ಸಲ ಕೆಮ್ಮಿತ್ತು” ಎಂದ ಭಾವ.

“ಕೆಮ್ಮು ಕಡಿಮೆ ಆಗುದು ಗುಣ ಆಗುವ ಲಕ್ಷಣ” ಎಂದ ಮುಂಡಪ್ಪ.

ಗುಣವಾಗುವ ಈ ಕ್ರಿಯೆ ಹನ್ನೆರಡು ಗಂಟೆಯವರೆಗೂ ಮುಂದುವರಿಯಿತು. ಮುಂಡಪ್ಪ ಬ್ಯಾಟರಿಯ ತಲೆಗಳನ್ನು ಬಿಸಿನೀರು ಹಾಕಿ ತೊಳೆದ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ, ಕಾಂತಿಯ ಉಪ್ಪಿನಕಾಯಿ ಭರಣಿಗೆ ಡೀಸೆಲ್ ಹಿಡಿದು, ಬೆಳಕಿಗೆ ಎತ್ತಿ ಎಲ್ಲರಿಗೂ ತೋರಿಸಿದ. ಅದರಲ್ಲಿ ಒಂದು ಹನಿ ನೀರಿರಲಿಲ್ಲ. “ನೋಡಿ. ನನ್ನ ಗಾಡಿಯ ಒಳಗೆ ಬರ್ಲಿಕ್ಕೆ ನೀರಿಗೂ ಧೈರ್ಯ ಇಲ್ಲ.” ಸಭೆ ಒಪ್ಪಿತು. ಆದರೆ ಹಾಗಾದರೆ ಲಾರಿ ಯಾಕೆ ಹೊರಡುವುದಿಲ್ಲ ಎಂಬ ಪ್ರಶ್ನೆ ಇನ್ನಷ್ಟು ಕಠಿಣವಾಯಿತು. ಕಾಂತಿಗೆ ಭರಣಿ ಹೋದ ದುಃಖ ಬೇರೆ.

ಮೂಡುಬಿದಿರೆಯ ಅಡುಗೆಯವರ ಫೋನು ಬಂತು. ಶೇಷಪ್ಪ ಎಲ್ಲರಿಗೂ ಕೇಳುವಂತೆ ಹಿಡಿದ.

“ಶೇಷಪ್ಪಣ್ಣ, ಹತ್ತು ಜನ ಕತ್ತಿ ಹಿಡಿದು ಕೂತಿದ್ದಾರೆ. ಹೆಚ್ಚಿದ ಸೌತೆಕಾಯಿ ನನ್ನ ತಲೆ ಮೇಲೆ ಹಾಕುದಾ? ಕೊಪ್ಪರಿಗೆ ಎಲ್ಲಿ?”

“ಕೊಪ್ಪರಿಗೆ ಶೆಡ್ಡಲ್ಲುಂಟು. ಲಾರಿ ಗದ್ದೆಯಲ್ಲುಂಟು. ಹರಕೆ ಕಟ್ಟಿದ್ದೇವೆ.”

ಆ ಕಡೆಯಿಂದ ಅವರು, “ಹಾಗಾದರೆ ನನ್ನ ಹೆಸರಲ್ಲೂ ಒಂದು ಕಟ್ಟಿ. ಮೂಡುಬಿದಿರೆಯಲ್ಲಿ ನಮ್ಮ ಮನೆ ದೇವರೆದುರು ಬಿಚ್ಚುವ. ನನಗೂ ಮರ್ಯಾದೆ ಉಂಟಲ್ಲ” ಎಂದರು.

ಸೇಸಮ್ಮ ಕಟ್ಟಿದರು. ಇದನ್ನು ನೋಡಿ ಮಿಸ್ರಿಯಾರಿಗೆ ಬೇಲಿಯಾಚೆ ನಿಂತು ಸುಮ್ಮನಿರುವುದು ಸರಿ ಎನಿಸಲಿಲ್ಲ. “ವಿಸ್ಮಿತಾ ನಮ್ಮ ಮನೆಯಲ್ಲೂ ಆಡಿ ಬೆಳೆದ ಹುಡುಗಿ. ದರ್ಗಾಕ್ಕೂ ಒಂದು ಹೇಳಿ ಇಡುವ ಸೇಸಮ್ಮ” ಎಂದು ಒಂದು ಹಸಿರು ಬಟ್ಟೆ ತಂದರು. ಸೇಸಮ್ಮ ಗುಂಡಿಯನ್ನು ಆದಷ್ಟು ಹೊರಗೆ ಎಳೆದು ಹಿಡಿದರು, ಮಿಸ್ರಿಯಾ ಕಟ್ಟಿದರು. ಈಗ ಅಲ್ಲಿ ಗುಂಡಿ ಎಂಬುದೊಂದು ಇದೆಯೆಂದು ಹೇಳಿದರೂ ನಂಬುವಂತಿರಲಿಲ್ಲ. ಹಳದಿ, ಹಸಿರು, ಮೇಲಿಂದ ಯಾರೋ ಸಿಕ್ಕಿಸಿದ ಒಂದು ಮೊಳ ಮಲ್ಲಿಗೆ.

ಮುಂಡಪ್ಪ ಕಣ್ಣು ಮುಚ್ಚಿ, ಕೈ ಮುಗಿದು, ಕೀಲಿ ತಿರುಗಿಸಿದ. ಸ್ಟಾರ್ಟರು ತಿರುಗಿತು, ತಿರುಗಿತು, ತಿರುಗಿತು. ಕೆಮ್ಮು ಪೂರ್ತಿ ಗುಣವಾಗಿತ್ತು.

ಶೇಷಪ್ಪ ಗಡಿಯಾರ ನೋಡಿದ. ಒಂದು ಗಂಟೆ. ಕಾಂತಿ ಮಿಸ್ರಿಯಾರ ಮುಖ ನೋಡಿದಳು. ಮಿಸ್ರಿಯಾರ ಮಗ ಅಝೀಮ್‌ಗೆ ಪುಂಜಾಲಕಟ್ಟೆಯಲ್ಲಿ ಗ್ಯಾರೇಜು. ಮುಂಡಪ್ಪ ಊಟಕ್ಕೆ ಹೋದಾಗಲೆಲ್ಲ ಬರುತ್ತಿದ್ದವನು ಅವನೇ. ಆದರೆ ಇವತ್ತು ಮುಂಡಪ್ಪ ಊಟಕ್ಕೇ ಏಳುವಂತೆ ಕಾಣಲಿಲ್ಲ. ಮಿಸ್ರಿಯಾ ಬೇಲಿ ದಾಟಿ ಫೋನ್ ಮಾಡಲು ಹೋದರು.

ಇಪ್ಪತ್ತು ನಿಮಿಷದಲ್ಲಿ ಅಝೀಮ್ ಬೈಕಿನಲ್ಲಿ ಬಂದ. ಮೈಮೇಲೆ ಗ್ರೀಸಿನ ಅಂಗಿ, ಹೆಗಲಲ್ಲಿ ಸ್ಪ್ಯಾನರಿನ ಚೀಲ.

“ಎಂತ ಅಝೀಮ್, ಈ ಕಡೆ?” ಮುಂಡಪ್ಪನ ಧ್ವನಿಯಲ್ಲಿ ಸಂಶಯವಿತ್ತು.

“ಹೀಗೇ. ಉಮ್ಮನನ್ನು ನೋಡುವ ಅಂತ.”

“ಸ್ಪ್ಯಾನರ್ ತಂದು ನೋಡುದಾ?”

“ಅದು ಯಾವಾಗಲೂ ಹೆಗಲಲ್ಲೇ ಇರ್ತದೆ ಮುಂಡಪ್ಪಣ್ಣ, ಅಭ್ಯಾಸ. ನೀವು ಗಾಡಿ ಬಿಚ್ಚಿದ್ದು ಕಂಡಿತು. ಹೇಗೆ ಮಾಡ್ತೀರಿ ಅಂತ ನೋಡಿ ಕಲಿಯುವ ಅಂತ ನಿಂತೆ.”

ಮುಂಡಪ್ಪ ಕರಗಿದ. ಕಲಿಯುವವರನ್ನು ಹಿಂದೆ ಕಳಿಸಬಾರದು. ಅಝೀಮ್ ಪ್ರತಿಯೊಂದಕ್ಕೂ, “ಹಾಗಾದರೆ ಈಗ ಇದನ್ನು ಬಿಚ್ಚುದಾ ಅಣ್ಣ?” ಎಂದು ಕೇಳುವುದು, ಮುಂಡಪ್ಪ, “ನಾನೂ ಅದನ್ನೇ ಹೇಳುವವನಿದ್ದೆ, ಬಿಚ್ಚು” ಎನ್ನುವುದು, ಹೀಗೆ ವಿದ್ಯಾಭ್ಯಾಸ ಶುರುವಾಯಿತು.

“ಕ್ಯಾಬಿನ್ ಒಳಗೆ ಒಮ್ಮೆ ನೋಡ್ಲಾ?”

“ಕ್ಯಾಬಿನ್ ನನ್ನದು. ಮೇಲೆ ಕೂತವನಿಗೆ ಎಂಜಿನ್ ಮಾತಾಡ್ತದೆ. ಅಡಿಗೆ ಹೋದವನಿಗೆ ಎಣ್ಣೆ ಬೀಳ್ತದೆ. ನೀನು ಇನ್ನೂ ಕಲಿಯುವವನು, ಅಡಿಗೆ ಹೋಗು.”

ಅಝೀಮ್ ಅಡಿಗೆ ಹೋದ. ಪಂಪಿನಿಂದ ಎಂಜಿನ್‌ಗೆ ಹೋಗುವ ಒಂದು ಪೈಪಿನ ನಟ್ಟು ಸಡಿಲಿಸಿ, “ತಿರುಗಿಸಿ ಅಣ್ಣ” ಎಂದ. ಸ್ಟಾರ್ಟರು ತಿರುಗಿತು. ಪೈಪಿನ ತುದಿಯಲ್ಲಿ ಒಂದು ತೊಟ್ಟು ಡೀಸೆಲ್ ಬರಲಿಲ್ಲ. ಅವನು ನಟ್ಟು ಬಿಗಿದು ಪಂಪಿನ ಬದಿಗೆ ಟಾರ್ಚು ಬಿಟ್ಟ. ತುಂಬ ಹೊತ್ತು ನೋಡಿದ. ಆಮೇಲೆ ಬೆರಳಲ್ಲಿ ಒಂದು ಸಣ್ಣ ಕೊಂಡಿಯನ್ನು ದೂಡಿ ನೋಡಿದ. ಅದು ಕದಲಲಿಲ್ಲ, ಅದಕ್ಕೆ ಸಿಕ್ಕಿಸಿದ ವಯರು ವೀಣೆಯ ತಂತಿಯ ಹಾಗೆ ಬಿಗಿದುಕೊಂಡಿತ್ತು.

“ಮುಂಡಪ್ಪಣ್ಣ, ಸ್ಟಾಪರ್ ಎಳೆದು ಹಿಡ್ಕೊಂಡಿದ್ದೀರಾ?”

“ನನಗೆ ಹುಚ್ಚಾ? ಸ್ಟಾರ್ಟ್ ಮಾಡುವಾಗ ಯಾರಾದರೂ ಸ್ಟಾಪರ್ ಎಳೀತಾರಾ?”

“ಹಾಗಾದರೆ ಯಾರು ಎಳೆದದ್ದು?”

ಅಝೀಮ್ ಅಪ್ಪಣೆ ಕೇಳದೆ ಕ್ಯಾಬಿನ್ ಹತ್ತಿದ. ಮಲ್ಲಿಗೆ ಸರಿಸಿ ಬಗ್ಗಿ ನೋಡಿದ. ಆಮೇಲೆ ಮುಖ ಹೊರಗೆ ಹಾಕಿ, ಆದಷ್ಟು ಮರ್ಯಾದೆಯಿಂದ ಹೇಳಿದ: “ಗಾಡಿಗೆ ಏನೂ ಆಗ್ಲಿಲ್ಲ. ಬೆಳಿಗ್ಗೆಯಿಂದ ಏನೂ ಆಗಿರ್ಲಿಲ್ಲ. ಗಾಡಿ ನಿಲ್ಲಿಸುವ ಗುಂಡಿಗೆ ಹರಕೆ ಕಟ್ಟಿದ್ದಾರೆ. ಬಿಚ್ಚಿದರೆ ಹೊರಡ್ತದೆ.”

“ಬಿಚ್ಚುದಾ?” ಎಂದರು ಸೇಸಮ್ಮ.

“ಹೌದು ಸೇಸಮ್ಮ.”

“ಗಾಡಿ ಬೆಳ್ತಂಗಡಿ ಮುಟ್ಟಲಿ ಅಂತ ಅಜ್ಜನಿಗೆ ಹೇಳಿ ಕಟ್ಟಿದ್ದು. ಮುಟ್ಟಿತಾ?”

“ಬಿಚ್ಚಿದರೆ ಮುಟ್ಟೀತು.”

“ಮುಟ್ಟಿದರೆ ಬಿಚ್ಚುವ.”

ಇಂಥ ಸಮಸ್ಯೆ ಬಂಟ್ವಾಳ ತಾಲೂಕಿನಲ್ಲಿ ಹಿಂದೆ ಬಂದ ದಾಖಲೆಯಿಲ್ಲ. ಹರಕೆ ಬಿಚ್ಚದೆ ಲಾರಿ ಹೊರಡದು, ಲಾರಿ ಹೊರಡದೆ ಹರಕೆ ಬಿಚ್ಚಬಾರದು. ಸಭೆ ಶೇಷಪ್ಪನ ಕಡೆ ತಿರುಗಿತು. ಅವನು ತನ್ನ ಕರ್ಚೀಫನ್ನು ನೋಡಿ, “ಗಣಪತಿಗೆ ಹೇಳಿದ್ದು. ಮಗಳ ಮದುವೆಯ ಹಿಂದಿನ ದಿನ ಗಣಪತಿಯಲ್ಲಿ ಮಾತು ಬದಲಿಸ್ಲಾ?” ಎಂದು ಎರಡು ಹೆಜ್ಜೆ ಹಿಂದೆ ಸರಿದ. ಅಡುಗೆಯವರಿಗೆ ಫೋನು ಹೋಯಿತು. “ನನ್ನದನ್ನು ಮೂಡುಬಿದಿರೆಗೆ ತನ್ನಿ, ಬಿಚ್ಚುವ” ಎಂದರು.

“ನೀನೇ ಬಿಚ್ಚು ಅಝೀಮ್, ನಿನಗೆ ದೋಷ ಇಲ್ಲ” ಎಂದ ಭಾವ.

“ಎಲ್ಲಕ್ಕಿಂತ ಮೇಲೆ ಇರುದು ಉಮ್ಮ ಕಟ್ಟಿದ್ದು” ಎಂದ ಅಝೀಮ್. ಬೇಲಿಯ ಬಳಿ ಮಿಸ್ರಿಯಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. “ನಾನು ರಾತ್ರಿ ಊಟಕ್ಕೆ ಆ ಮನೆಗೇ ಹೋಗ್ಬೇಕು.”

ಎಲ್ಲರೂ ಮುಂಡಪ್ಪನನ್ನು ನೋಡಿದರು. ಅವನು ಜೀವನದಲ್ಲಿ ಮೊದಲ ಬಾರಿಗೆ ಎಂಜಿನ್ ಏನು ಹೇಳುತ್ತಿದೆ ಎಂದು ಹೇಳಲಿಲ್ಲ. ಒಂದೂ ಐವತ್ತು. ಶೇಷಪ್ಪ ಜೇಬಿನಿಂದ ಫೋನು ತೆಗೆದ. ಶೆಡ್ಡಿನ ಬಾಗಿಲಲ್ಲಿ ಕವುಚಿ ಹಾಕಿದ ಏಳು ಕೊಪ್ಪರಿಗೆಗಳು ಹೊಳೆಯುತ್ತಿದ್ದವು. ಅವುಗಳ ಹೊಳ‍ಪಿನ ಬಗ್ಗೆ ಪುಂಜಾಲಕಟ್ಟೆಯಲ್ಲಿ ಒಬ್ಬನಿಗೆ ಮೊದಲೇ ಆಸೆಯಿತ್ತು.

ಕಾಂತಿ ಇಷ್ಟು ಹೊತ್ತು ಭರಣಿ ತೊಳೆಯುತ್ತಿದ್ದವಳು ಎದ್ದು ಬಂದಳು.

“ಅಝೀಮ್, ಆ ಗುಂಡಿಯಿಂದ ವಯರು ಎಲ್ಲಿಗೆ ಹೋಗ್ತದೆ?”

“ಪಂಪಿಗೆ ಅಕ್ಕ.”

“ದನದ ಹಗ್ಗ ಮರದಲ್ಲಿ ಗಂಟು ಬಿಗಿದು ಬಿಚ್ಚಲಿಕ್ಕೆ ಆಗದಿದ್ದರೆ ನಾನು ಕುತ್ತಿಗೆಯದ್ದು ಬಿಚ್ಚುದು. ಹಗ್ಗಕ್ಕೆ ಎರಡು ತುದಿ ಉಂಟಲ್ಲ ಮಾರಾಯ. ಹರಕೆ ಇರುವ ತುದಿ ಮುಟ್ಬೇಡ. ಆ ತುದಿ ಬಿಚ್ಚು.”

ಅಝೀಮ್ ಮುಂಡಪ್ಪನ ಮುಖ ನೋಡಿದ.

“ನಾನೂ ಅದನ್ನೇ ಹೇಳುವವನಿದ್ದೆ” ಎಂದ ಮುಂಡಪ್ಪ. “ಬಿಚ್ಚು.”

ಒಂದು ತಿರುಪು. ಪಂಪಿನ ಬದಿಯ ವಯರು ಕಳಚಿತು, ಕೊಂಡಿ ಟಪ್ ಎಂದು ತನ್ನ ಸ್ಥಾನಕ್ಕೆ ಹೋಯಿತು. ಮುಂಡಪ್ಪ ಕೀಲಿ ತಿರುಗಿಸಿದ. ಲಾರಿ ಒಂದೇ ಏಟಿಗೆ, ಬೆಳಿಗ್ಗೆಯಿಂದ ಬಾಯಲ್ಲಿ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಟ್ಟಿಗೆ ಆಡುವಂತೆ, ಗದ್ದೆ ನಡುಗಿಸಿ ಸ್ಟಾರ್ಟ್ ಆಯಿತು. ಸೇಸಮ್ಮ ತಲೆಯ ಮೇಲೆ ಕೈ ಜೋಡಿಸಿ, “ಕಂಡಿರಾ ಅಜ್ಜನ ಶಕ್ತಿ, ಕಾರಣಿಕ” ಎಂದರು.

“ಅಮ್ಮ, ಆ ಗಂಟು ಕಟ್ಟದೆ ಇದ್ದಿದ್ದರೆ ಒಂಬತ್ತೂವರೆಗೇ ಹೊರಡ್ತಿತ್ತು” ಎಂದಳು ಕಾಂತಿ.

“ಒಂಬತ್ತೂವರೆಗೆ ಹೊರಟಿದ್ದರೆ ದಾರಿಯಲ್ಲಿ ಎಂತ ಆಗ್ತಿತ್ತು ನಿನಗೆ ಗೊತ್ತುಂಟಾ? ಅಜ್ಜನಿಗೆ ಗೊತ್ತುಂಟು.”

ಪಾತ್ರೆ ತುಂಬಲು ಇಡೀ ಸಭೆ ಕೈ ಕೊಟ್ಟಿತು. ಅಝೀಮ್ ಕೊನೆಗೆ ಮುಂಡಪ್ಪನನ್ನು ಬದಿಗೆ ಕರೆದು ಹೇಳಿದ: “ಅಣ್ಣ, ಒಂದು ವಿಷಯ. ಈಗ ಒಳಗಿನಿಂದ ಆಫ್ ಆಗುದಿಲ್ಲ. ನಿಲ್ಲಿಸ್ಬೇಕಾದರೆ ಬಾನೆಟ್ ಎತ್ತಿ, ಈ ಕೊಂಡಿಯನ್ನು ಕೈಯಲ್ಲಿ ದೂಡ್ಬೇಕು.”

“ಬಾನೆಟ್ ಎತ್ತುದಾ? ಮದುವೆ ಹಾಲ್ ಎದುರು?”

ಬಾನೆಟ್ ಎತ್ತಿ ನಿಂತ ಲಾರಿ ಎಂದರೆ ಕೆಟ್ಟು ನಿಂತ ಲಾರಿ. ನಾಲ್ಕು ಊರಿನ ನೆಂಟರೆದುರು ಮುಂಡಪ್ಪನ ಲಾರಿ ಬಾಯಿ ತೆರೆದು ನಿಲ್ಲುವುದೆಂದರೆ ಅದಕ್ಕಿಂತ ತೋಡಿನಲ್ಲಿ ತೇಲಿಹೋಗುವುದು ಲೇಸು. “ಆಫ್ ಮಾಡಿದರಲ್ಲವಾ ಆ ಪ್ರಶ್ನೆ” ಎಂದು ಅವನು ಗೇರ್ ಹಾಕಿದ.

ಮೂರಕ್ಕೆ ಐದು ನಿಮಿಷ ಇರುವಾಗ ಲಾರಿ ಬೆಳ್ತಂಗಡಿಯ ಹಾಲ್ ಎದುರು ನಿಂತಿತು. ನಿಂತಿತು ಎಂದರೆ ಚಕ್ರ ಮಾತ್ರ. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಪಾತ್ರೆ ಇಳಿಸುತ್ತಿದ್ದ ಹಾಗೆ ಜನ ಕೇಳಲು ತೊಡಗಿದರು, ಯಾಕೆ ಆಫ್ ಮಾಡುವುದಿಲ್ಲ ಎಂದು. ಮುಂಡಪ್ಪ ಸೀಟಿನಲ್ಲಿ ಕುಳಿತು, ಆ ಬಣ್ಣಬಣ್ಣದ ಗಂಟಿನ ಕಡೆಗೆ ಗಂಭೀರವಾಗಿ ತಲೆಯಾಡಿಸಿದ. “ಹರಕೆ ಉಂಟು.” ಅದು ಸುಳ್ಳಲ್ಲ.

ಶೀನಪ್ಪ ಅಲ್ಲೇ ಇದ್ದ. ಹುಡುಗನ ಕಡೆಯಿಂದ ಅವನಿಗೂ ಆಮಂತ್ರಣವಿತ್ತು. ಜೊತೆಗೆ ಮೂರು ದಾಟಿದ ಕೂಡಲೇ ವಾಮದಪದವಿಗೆ ಹೋಗಿ ಕೊಪ್ಪರಿಗೆಗಳನ್ನು ಒಯ್ಯಲು ಎಂದು ತನ್ನ ಹೊಸ ಲಾರಿಯನ್ನೂ ತಂದು ಬದಿಗೆ ನಿಲ್ಲಿಸಿದ್ದ. ಅವನು ಹತ್ತಿರ ಬಂದು, ಕೇಳುವವರಿಗೆ ಕೇಳಲಿ ಎಂಬಂತೆ, “ಆಫ್ ಮಾಡು ಮಾರಾಯ. ಮತ್ತೆ ಸ್ಟಾರ್ಟ್ ಆಗುದಿಲ್ಲ ಅಂತ ಹೆದರಿಕೆಯಾ?” ಎಂದ.

“ಶೀನಪ್ಪ, ಸ್ಟಾರ್ಟ್ ಆಗುದಿಲ್ಲ ಅಂತ ಹೆದರುವವರು ಉಂಟು. ನನ್ನದು ನಿಲ್ಲುದೇ ಇಲ್ಲ.”

ಅಷ್ಟರಲ್ಲಿ ಪೊಲೀಸರೊಬ್ಬರು ಬಂದು ಕಿಟಕಿಗೆ ಲಾಠಿ ತಾಗಿಸಿದರು. “ಇಲ್ಲಿ ಪಾರ್ಕಿಂಗ್ ಇಲ್ಲ.”

“ಪಾರ್ಕಿಂಗ್ ಎಲ್ಲಿ ಸಾರ್? ಗಾಡಿ ಓಡ್ತಾ ಉಂಟಲ್ಲ.”

ಅವರು ಒಳಗೆ ಇಣುಕಿದರು. ಗಂಟು ಕಂಡಿತು. ಟೊಪ್ಪಿ ಸರಿಪಡಿಸಿಕೊಂಡು, “ಯಾವಾಗ ಹೊರಟದ್ದು ವಾಮದಪದವಿನಿಂದ?” ಎಂದು ಕೇಳಿದರು.

“ಎರಡೂಕಾಲಿಗೆ.”

“ಪುಣ್ಯ. ಹತ್ತೂಕಾಲಿಗೆ ಪುಂಜಾಲಕಟ್ಟೆಯ ಆಚೆ ದೊಡ್ಡ ಮರ ಬಿದ್ದಿತ್ತು. ಒಂದೂವರೆಯವರೆಗೆ ಒಂದು ಗಾಡಿ ಬಿಡ್ಲಿಲ್ಲ. ಅದರ ಅಡಿಗೆ ಯಾರೂ ಸಿಕ್ಕದೆ ಇದ್ದದ್ದು ದೊಡ್ಡದು.”

ಹಿಂದಿನ ಜೀಪಿನಲ್ಲಿ ಕಾಂತಿಯ ಜೊತೆ ಬಂದು ಇಳಿದಿದ್ದ ಸೇಸಮ್ಮ ಅವಳ ಕಡೆ ಒಮ್ಮೆ ನೋಡಿದರು, ಅಷ್ಟೆ. ಪೊಲೀಸರು ಲಾಠಿ ಕಂಕುಳಲ್ಲಿಟ್ಟು ಗಂಟಿಗೆ ಕೈ ಮುಗಿದು, ಲಾರಿ ಹೊರಡುವವರೆಗೂ ರಸ್ತೆಯ ನಡುವೆ ನಿಂತು ಉಳಿದ ವಾಹನಗಳನ್ನು ಬದಿಯಿಂದ ಬಿಟ್ಟರು. ಮೂರರಿಂದ ನಾಲ್ಕರವರೆಗೆ ಹಾಲ್‌ಗೆ ಬಂದ ನೆಂಟರೆಲ್ಲ ಮೊದಲು ಲಾರಿ ನೋಡಿ ಆಮೇಲೆ ಒಳಗೆ ಹೋದರು. ಮದುಮಗನ ತಾಯಿ ಎರಡು ಸಲ ನೋಡಿದರು.

ಮದುವೆ ಚೆನ್ನಾಗಿ ನಡೆಯಿತು. ಸೌತೆಕಾಯಿಯನ್ನು ಯಾರ ತಲೆಯ ಮೇಲೂ ಹಾಕಬೇಕಾಗಲಿಲ್ಲ. ಮರುದಿನದಿಂದ ಮುಂಡಪ್ಪ ದರ್ಗಾ, ಮೂಡುಬಿದಿರೆ, ಗಣಪತಿ ಗುಡಿ, ಕೊನೆಗೆ ಅಜ್ಜನ ಕಟ್ಟೆ ಎಂದು ಎಲ್ಲೆಡೆ ಲಾರಿ ಕೊಂಡುಹೋಗಿ ಒಂದೊಂದೇ ಗಂಟು ಬಿಚ್ಚಿಸಿ ಬಂದ. ನಾಲ್ಕನೆಯದು ಬಿಚ್ಚಿದಾಗ ಗುಂಡಿ ಟಪ್ ಎಂದು ಒಳಗೆ ಹೋಯಿತು. ಮರುದಿನ, ಮುಂಡಪ್ಪ ಊಟಕ್ಕೆ ಹೋದಾಗ, ಅಝೀಮ್ ಬಂದು ವಯರು ಸಿಕ್ಕಿಸಿ ಹೋದ.

ಆ ಜೋಡಣೆ ಹೆಚ್ಚು ದಿನ ಬಾಳಲಿಲ್ಲ. ನಿಲ್ಲದ ಲಾರಿಯ ಸುದ್ದಿ ಮೂರು ಪೇಟೆ ಸುತ್ತಿತ್ತು. ಪಾತ್ರೆ ಹೇಳಲು ಬಂದ ಪ್ರತಿಯೊಬ್ಬ ಮದುಮಗಳ ತಾಯಿಯೂ ಸೆರಗಿನಲ್ಲಿ ಒಂದು ಹಳದಿ ಗಂಟು ತರುತ್ತಿದ್ದಳು. ಬೇಡ ಎನ್ನುವ ಧೈರ್ಯ ಯಾರಿಗೆ? ಕೊನೆಗೆ ಕಾಂತಿಯೇ ಹೇಳಿ, ಅಝೀಮ್ ಸ್ಟಾಪರಿನ ಪಕ್ಕದಲ್ಲಿ ಇನ್ನೊಂದು ಗುಂಡಿ ಕೂರಿಸಿದ. ಒಂದು ನಿಲ್ಲಿಸಲಿಕ್ಕೆ, ಒಂದು ಹರಕೆಗೆ. “ನಾನೂ ಅದನ್ನೇ ಹೇಳುವವನಿದ್ದೆ” ಎಂದ ಮುಂಡಪ್ಪ.

ಒಂದು ತಿಂಗಳು ಕಳೆದ ಮೇಲೆ ಶೀನಪ್ಪ ತನ್ನ ಹೊಸ ಲಾರಿಯನ್ನು ಅಝೀಮ್‌ನ ಗ್ಯಾರೇಜಿಗೆ ತಂದು ನಿಲ್ಲಿಸಿದ. ಕೀಲಿ ತಿರುಗಿಸಿದಾಗ ಎಂಜಿನ್ ಸದ್ದಿಲ್ಲದೆ ಆಫ್ ಆಯಿತು. ಅವನು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ತಗ್ಗಿದ ಧ್ವನಿಯಲ್ಲಿ ಕೇಳಿದ:

“ಅಝೀಮ್, ಮುಂಡಪ್ಪನ ಗಾಡಿಯಲ್ಲಿ ಒಂದು ಕರಿ ಗುಂಡಿ ಉಂಟಲ್ಲ. ಅಂಥದ್ದೊಂದು ಇದಕ್ಕೆ ಕೂರಿಸ್ಬೇಕು.”

“ಇದು ಹೊಸ ಮಾಡೆಲ್ ಶೀನಪ್ಪಣ್ಣ. ಇದಕ್ಕೆ ಸ್ಟಾಪರ್ ಬೇಡ. ಕೂರಿಸಿದರೂ ವಯರು ಎಲ್ಲಿಗೆ ಕೊಡುದು?”

“ವಯರು ಎಲ್ಲಿಗೂ ಬೇಡ ಮಾರಾಯ” ಎಂದ ಶೀನಪ್ಪ. “ಗುಂಡಿ ಮಾತ್ರ ಇರಲಿ. ಮೊನ್ನೆ ಬುಕ್ಕಿಂಗಿಗೆ ಬಂದ ಹೆಂಗಸು ಗಾಡಿ ಹತ್ತಿ ಹುಡುಕಿ, ಇದರಲ್ಲಿ ಕಟ್ಟಲಿಕ್ಕೆ ಜಾಗವೇ ಇಲ್ಲ ಅಂತ ಇಳಿದು ಹೋದರು.”